ಪತ್ತನಾಜೆ ಕಾಯದ ಮಳೆ: ಘಟ್ಟದ ಬುಡದ ಗುಡ್ಡೆ, ತೋಡು, ತೋಟಗಳಿಗೆ ಒಂದು ಕೈಪಿಡಿ

2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. ಬಂದ ಮಳೆಯೂ ಆಗಸ್ಟಿನಲ್ಲಿ ಕೈಕೊಟ್ಟಿತು. 1901ರಿಂದೀಚೆಗೆ ದೇಶ ಅಷ್ಟು ಒಣ ಆಗಸ್ಟನ್ನು ಕಂಡಿರಲಿಲ್ಲ. 2025ರಲ್ಲಿ ಅದೇ ಮುಂಗಾರು ಮೇ 24ಕ್ಕೇ ಬಂತು. ಪತ್ತನಾಜೆಗೆ (ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ 24ರ ಸುಮಾರು) ಹತ್ತು ಹನಿಯಾದರೂ ಬೀಳಬೇಕು ಎಂಬ ಮಾತು ನಮ್ಮ ತುಳುನಾಡಿನಲ್ಲಿದೆ. ಆ ವರ್ಷ ಬಿದ್ದದ್ದು ಹನಿಯಲ್ಲ, ಜಡಿಮಳೆ. ತೋಡಿನ (ಸಣ್ಣ ಹಳ್ಳದ) ಕಟ್ಟ, ಅಂದರೆ ಬೇಸಿಗೆಯ ತಾತ್ಕಾಲಿಕ ಒಡ್ಡು, ಬಿಡಿಸಿರಲಿಲ್ಲ, ತೋಟದ ನೀರು ಬಸಿಯುವ ಕಣಿಯ ಹೂಳು ತೆಗೆದಿರಲಿಲ್ಲ, ಅಡಿಕೆಗೆ ಮೊದಲ ಮದ್ದು ಬಿಟ್ಟಿರಲಿಲ್ಲ.

ಹೆಬ್ರಿ, ಕಾರ್ಕಳ, ಬೆಳ್ತಂಗಡಿ, ಸುಳ್ಯ, ಕುಂದಾಪುರದ ಘಟ್ಟದ ಬದಿಯ ಊರುಗಳಿಗೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು ಮಳೆ ಬೀಳುತ್ತದೆ. ಹಾಗಿದ್ದೂ ಮಾರ್ಚ್ ದಾಟುವಾಗ ಬಾವಿಯ ತಳ ಕಾಣುತ್ತದೆ. ಘಟ್ಟದ ನೆತ್ತಿಗೂ ಕಡಲಿಗೂ ನೇರ ಅಳೆದರೆ ಸುಮಾರು ನಲವತ್ತರಿಂದ ಎಂಬತ್ತು ಕಿಲೋಮೀಟರ್ ದೂರ ಅಷ್ಟೆ. ಇಳಿಜಾರಿಗೆ ಬಿದ್ದ ನೀರು ನಿಲ್ಲುವುದಿಲ್ಲ. 2019ರ ಬೇಸಿಗೆಯಲ್ಲಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟೇ ಬತ್ತಿತ್ತು. ಮೇಲಿನ ಗುಡ್ಡೆ ಬೇಗ ಬರಿದಾದರೆ ಕೆಳಗಿನ ಪೇಟೆಗೂ ನೀರಿಲ್ಲ.

ಹಿರಿಯರು ತಿಂಗಳು ನೋಡಿ ಕೆಲಸ ಮಾಡುತ್ತಿದ್ದರು, ಆಗ ಅದು ಸರಿಯೂ ಇತ್ತು. ಈಗ ತಿಂಗಳನ್ನು ನಂಬಿ ಕೂರುವ ಹಾಗಿಲ್ಲ. ನೀರನ್ನೇ ಅಳೆದು ಕೆಲಸದ ದಿನ ನಿಶ್ಚಯಿಸಬೇಕು. ಮುಂದೆ ಹೇಳುವ ಪ್ರತಿಯೊಂದಕ್ಕೂ ಈ ಅಳತೆಯೇ ಆಧಾರ. ಆದ್ದರಿಂದ ಮೊದಲು ಅದನ್ನೇ ನೋಡೋಣ.

ಮೂರು ಅಳತೆ, ಒಂದು ಪುಸ್ತಕ

ಮಳೆಮಾಪಕಕ್ಕೆ ದುಡ್ಡು ಸುರಿಯಬೇಕಿಲ್ಲ. ನಾಲ್ಕು ಇಂಚಿನ ಪಿವಿಸಿ ಪೈಪಿನ 40 ಸೆಂ.ಮೀ. ತುಂಡು, ಅದಕ್ಕೊಂದು ಎಂಡ್ ಕ್ಯಾಪ್ ಸಾಕು. ಕ್ಯಾಪನ್ನು ಅಂಟಿಸಿ, ಒಳಗೆ ಎರಡು ಸೆಂ.ಮೀ. ಸಿಮೆಂಟ್ ಹಾಕಿ ತಳ ಸಮ ಮಾಡಿ. ಒಣಗಿದ ಮೇಲೆ ಸ್ಟೀಲ್ ಸ್ಕೇಲ್ ಇಳಿಸಿದರೆ ಎಷ್ಟು ಮಿ.ಮೀ. ಒದ್ದೆಯಾಗುತ್ತದೋ ಅಷ್ಟು ಮಿ.ಮೀ. ಮಳೆ. ಸ್ಕೇಲಿನ ಸೊನ್ನೆ ಅದರ ತುದಿಯಿಂದಲೇ ಶುರುವಾಗುತ್ತದೆಯೇ ಎಂದು ನೋಡಿಕೊಳ್ಳಿ. ಕೊಡಪಾನ, ಬಾಟಲಿ ಇಡಬೇಡಿ. ಬಾಯಿಗೂ ಹೊಟ್ಟೆಗೂ ಅಗಲ ಬೇರೆಯಾದರೆ ಲೆಕ್ಕ ತಪ್ಪುತ್ತದೆ. ಗಿಡ್ಡ ಪಾತ್ರೆಯೂ ಬೇಡ, ಒಂದೇ ದಿನ 200 ಮಿ.ಮೀ. ದಾಟುವ ಮಳೆ ನಮ್ಮದು. ಪೈಪನ್ನು ಆಳೆತ್ತರದ ಕಂಬಕ್ಕೆ ಕಟ್ಟಿ, ಬಾಯಿ ಕಂಬದ ತಲೆಗಿಂತ ಒಂದು ಗೇಣು ಮೇಲಿರಲಿ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು. ಬೆಳಿಗ್ಗೆ 8.30ಕ್ಕೆ ಓದಿ, ಬರೆದು, ಚೆಲ್ಲಿ. ಹವಾಮಾನ ಇಲಾಖೆ ಅಳೆಯುವ ಹೊತ್ತೂ ಅದೇ, ಹಾಗಾಗಿ ಹೋಲಿಸಿ ನೋಡಬಹುದು.

ಎರಡನೆಯದು ಬಾವಿ. ಕಟ್ಟೆಯ ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ನೀರಿನ ಮಟ್ಟಕ್ಕೆ ಎಷ್ಟು ಅಡಿ ಎಂದು ವಾರಕ್ಕೊಮ್ಮೆ ಪಂಪು ಹಾಕುವ ಮೊದಲೇ ಅಳೆಯಿರಿ. ಪಂಪು ನಿಲ್ಲಿಸಿದ ಕೂಡಲೇ ಅಳೆದರೆ ಬಾವಿ ಬರಿದಾದಂತೆ ಕಾಣುತ್ತದೆ, ಅದು ನಿಜವಾದ ಮಟ್ಟವಲ್ಲ.

ಮೂರನೆಯದು ತೋಡು ಅಥವಾ ಒರತೆಯ ಹರಿವು. ಮಣ್ಣು, ಕಲ್ಲು ಅಡ್ಡ ಇಟ್ಟು ನೀರನ್ನೆಲ್ಲ ಒಂದು ಅಡಿಕೆ ದಂಬೆಯ (ಸೀಳಿದ ಅಡಿಕೆ ಮರದ ದೋಣಿಯ) ಮೇಲೆ ಹಾಯಿಸಿ, 20 ಲೀಟರಿನ ಬಕೆಟ್ ಹಿಡಿಯಿರಿ. ಐದು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 4 ಲೀಟರ್, ನಲವತ್ತು ಸೆಕೆಂಡಿಗೆ ತುಂಬಿದರೆ ಅರ್ಧ ಲೀಟರ್. ಮೂರು ಸಲ ಹಿಡಿದು ಸರಾಸರಿ ಬರೆಯಿರಿ. ಅರ್ಧ ಲೀಟರ್ ಎಂದು ಹಗುರ ಮಾಡಬೇಡಿ, ಅದು ದಿನಕ್ಕೆ 43,200 ಲೀಟರ್. ಏಪ್ರಿಲಿನ ಅಳತೆ ಯಾವ ಕಾರಣಕ್ಕೂ ತಪ್ಪಬಾರದು. ತೋಟ ಎಷ್ಟು ವಿಸ್ತರಿಸಬಹುದು ಎಂಬುದನ್ನು ಹೇಳುವುದು ಅದೊಂದೇ.

ಗುಡ್ಡೆ: ಎಲ್ಲಿ ಇಂಗಿಸಬೇಕು, ಎಲ್ಲಿ ಕೂಡದು

ನೀರಿಂಗಿಸುವುದು ಒಳ್ಳೆಯ ಕೆಲಸ. ಆದರೆ ತಪ್ಪು ಜಾಗದಲ್ಲಿ ಇಂಗಿಸಿದರೆ ಗುಡ್ಡೆಯೇ ಜರಿಯುತ್ತದೆ. ನಮ್ಮ ನೆಲದಲ್ಲಿ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಬಾವಿ ತೋಡಿದವರಿಗೆಲ್ಲ ಇದು ಗೊತ್ತು. ಒಣಗಿದಾಗ ಹಾರೆಗೂ ಜಗ್ಗದ ಶೇಡಿ, ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯ ಮೇಲೆ ನಿಂತು, ಮೇಲಿನ ಭಾರವನ್ನು ಹೊತ್ತುಕೊಂಡೇ ಜಾರುವುದು ಇಲ್ಲಿನ ಬರೆ (ಕಡಿದಾದ ಮಣ್ಣಿನ ಗೋಡೆ) ಕುಸಿತಗಳಿಗೆ ದೊಡ್ಡ ಕಾರಣ. 2018ರ ಆಗಸ್ಟಿನಲ್ಲಿ ಸಂಪಾಜೆಯಾಚೆ ಜೋಡುಪಾಲದಲ್ಲಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದದ್ದನ್ನು ಈ ಭಾಗದವರು ಮರೆಯಲಾರರು.

ಆದ್ದರಿಂದ ಮೊದಲು ಇಳಿಜಾರು ಅಳೆಯಿರಿ. ನಾಲ್ಕು ಮೀಟರಿನ ಬಿದಿರನ್ನು ಅಡ್ಡಕ್ಕೆ ಸಮ ಹಿಡಿದಾಗ ಅದರ ಕೆಳತುದಿಗೂ ನೆಲಕ್ಕೂ ಒಂದು ಮೀಟರಿಗಿಂತ ಹೆಚ್ಚು ಅಂತರ ಬಂದರೆ ಅಲ್ಲಿ ಇಂಗುಗುಂಡಿ ಬೇಡವೇ ಬೇಡ. ಮರ, ಪೊದೆ, ಮುಳಿಹುಲ್ಲು ಇದ್ದಂತೆಯೇ ಇರಲಿ. ಮನೆ, ಹಟ್ಟಿ, ರಸ್ತೆಯ ಹಿಂದೆ ಕಡಿದ ಬರೆ ಇದ್ದರೆ ಅದರ ಮೇಲ್ಭಾಗದಲ್ಲಿ ಇಳಿಜಾರು ಸಣ್ಣದಿದ್ದರೂ ಗುಂಡಿ ಕೂಡದು. ಅಲ್ಲಿ ಬೇಕಾದದ್ದು ಇದರ ತದ್ವಿರುದ್ಧ: ಬರೆಯ ನೆತ್ತಿಯಿಂದ ಎರಡು ಮೂರು ಮೀಟರ್ ಹಿಂದೆ ಸಿಮೆಂಟ್ ಹಾಕಿದ ಅಡ್ಡ ಕಣಿ ಮಾಡಿ, ನೀರನ್ನು ಬದಿಯ ತೋಡಿಗೆ ದಾಟಿಸುವುದು.

ಇಳಿಜಾರು ಸೌಮ್ಯವಾಗಿರುವಲ್ಲಿ, ಉದಾಹರಣೆಗೆ ಗೇರು ಹಾಡಿಯಲ್ಲಿ, ಸಮಪಾತಳಿಯ (ಒಂದೇ ಎತ್ತರದ ಗೆರೆಯ) ಗುಂಡಿ ತೋಡಬಹುದು. ಮೂರು ಮೀಟರ್ ಉದ್ದ, ಎರಡು ಅಡಿ ಅಗಲ, ಒಂದೂಮುಕ್ಕಾಲು ಅಡಿ ಆಳ. ಇದರಲ್ಲಿ ಸಲಕ್ಕೆ ಸುಮಾರು 970 ಲೀಟರ್ ನಿಲ್ಲುತ್ತದೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಆರರಿಂದ ಎಂಟು ಮೀಟರ್. ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಖಾಲಿಗೆ ಸರಿಯಾಗಿ ಕೆಳಸಾಲಿನ ಗುಂಡಿ ಬರಲಿ. ತೆಗೆದ ಮಣ್ಣನ್ನು ಕೆಳಬದಿಗೆ, ಅಂಚಿನಿಂದ ಒಂದಡಿ ಬಿಟ್ಟು ಒಡ್ಡಿನಂತೆ ಹಾಕಿ, ಅದರ ಮೇಲೆ ಗೇಣಿಗಿಂತ ಹತ್ತಿರ ಹತ್ತಿರ ಲಾವಂಚ ನೆಡಿ. ನೆಡಲು ಮೊದಲ ಮಳೆ ಬಿದ್ದ ವಾರವೇ ಸರಿಯಾದ ಕಾಲ.

ಸಮಪಾತಳಿ ಹುಡುಕಲು ಎರಡು ಮೀಟರಿನ ಎರಡು ಅಡಿಕೆ ಸಲಾಕೆಗಳ ತಲೆ ಜೋಡಿಸಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಹೊಡೆಯಿರಿ. ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ನೆಲದಲ್ಲಿ ಎರಡು ಗೂಟ ಬಡಿದು, ಅವುಗಳ ಮೇಲೆ ಕಾಲಿಟ್ಟು ದಾರ ಅಡ್ಡಪಟ್ಟಿಯನ್ನು ದಾಟುವಲ್ಲಿ ಗೆರೆ ಎಳೆಯಿರಿ. ಈಗ ಕಾಲು ಅದಲು ಬದಲು ಮಾಡಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಇರುವುದೇ ಸಮದ ಗೆರೆ. ದಾರ ಅಲ್ಲಿಗೆ ಬರುವಂತೆ ಒಂದು ಕಾಲು ಊರಿ ಇನ್ನೊಂದನ್ನು ತಿರುಗಿಸುತ್ತ ಸಾಗಿದರೆ ಗುಡ್ಡೆಯ ಮೈಮೇಲೆ ಸಮಪಾತಳಿ ಮೂಡುತ್ತದೆ. ಕಣ್ಣಂದಾಜಿನಲ್ಲಿ ತೋಡಿದ ಗುಂಡಿಯಲ್ಲಿ ನೀರೆಲ್ಲ ಒಂದೇ ಮೂಲೆಗೆ ಸೇರಿ ಅಲ್ಲೇ ಒಡೆಯುತ್ತದೆ, ಕೆಳಗಿನ ಗುಂಡಿಗಳನ್ನೂ ಒಡೆಸಿಕೊಂಡು ಹೋಗುತ್ತದೆ.

ಗುಡ್ಡೆಯ ತುದಿಯಲ್ಲಿ ಪ್ಲಾಸ್ಟಿಕ್ ಹೊದಿಸಿ ಲಕ್ಷಗಟ್ಟಲೆ ಲೀಟರಿನ ಕೆರೆ ಮಾಡುವುದು ಈಗ ಹೆಚ್ಚುತ್ತಿದೆ. ಒಂದು ಲಕ್ಷ ಲೀಟರ್ ಎಂದರೆ ನೂರು ಟನ್ ಭಾರ. ಹಾಳೆ ಒಂದು ಕಡೆ ಹರಿದರೂ ನೀರು ಸದ್ದಿಲ್ಲದೆ ಶೇಡಿಗೆ ಇಳಿಯುತ್ತದೆ. ಕೆಳಗೆ ಮನೆಯಿದ್ದರೆ ಇದಕ್ಕೆ ಕೈ ಹಾಕಬೇಡಿ.

ಮಳೆಗಾಲದಲ್ಲಿ ಗುಡ್ಡೆಯ ನೆತ್ತಿಯಲ್ಲಿ ಹೊಸ ಬಿರುಕು, ಓರೆಯಾದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಬಿಗಿಯಾಗುವ ಬಾಗಿಲು, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಜೋರು ಮಳೆಯ ನಡುವೆಯೇ ತೋಡಿನ ನೀರು ಇಳಿದುಬಿಡುವುದು, ಇವುಗಳಲ್ಲಿ ಯಾವುದು ಕಂಡರೂ ಸಾಮಾನು ಕಟ್ಟುತ್ತ ಕೂರಬೇಡಿ, ಆ ರಾತ್ರಿ ಬೇರೆ ಮನೆಯಲ್ಲಿ ಮಲಗಿ. ಬಿರುಕಿಗೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸುವ ಕೆಲಸ ಮಳೆ ಬಿಟ್ಟು ಹೊಳವಾದ ಮೇಲೆ.

ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆಯುವ ಸುರಂಗದ ಬಗ್ಗೆ ಒಂದು ಮಾತು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿ ಬರಡು ಗುಡ್ಡೆಗೆ ಒಬ್ಬರೇ ಸುರಂಗ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದು ಬಲ್ಲವರ ಕೆಲಸ, ಹೊಸದಾಗಿ ಕೊರೆಯಲು ಹೋಗಬೇಡಿ. ಆದರೆ ಹಳೆಯ ಸುರಂಗ ಇದ್ದರೆ ಮುಚ್ಚಬೇಡಿ. ಒಳಗೆ ಬಿದ್ದ ಮಣ್ಣನ್ನು ಬೇಸಿಗೆಯಲ್ಲಿ ತೆಗೆಸಿ, ಅದರ ನೆತ್ತಿಯ ಕಾಡನ್ನು ಉಳಿಸಿ. ಪಂಪು ಬೇಡ, ಕರೆಂಟು ಬೇಡ, ಇಳಿಜಾರಿನಲ್ಲಿ ತಾನಾಗಿ ಬರುವ ನೀರು ಅದು.

ತೋಡಿಗೆ ಕಟ್ಟ

ಈ ನಾಡಿನ ಅತಿ ಒಳ್ಳೆಯ ನೀರಿನ ವಿದ್ಯೆ ಯಾವುದೆಂದು ಕೇಳಿದರೆ ಕಟ್ಟವೇ ಎನ್ನಬೇಕು. ಮಳೆ ಇಳಿದ ಮೇಲೆ ತೋಡಿಗೆ ಅಡ್ಡ ಕಟ್ಟಿ, ಮಳೆ ಬರುವ ಮುನ್ನ ಬಿಡಿಸುವ ಈ ತಾತ್ಕಾಲಿಕ ಒಡ್ಡು ತೋಡಿನ ಇಕ್ಕೆಲದ ಬಾವಿಗಳನ್ನೆಲ್ಲ ತಿಂಗಳುಗಟ್ಟಲೆ ಎತ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ತೋಡು ತನ್ನ ಪಾಡಿಗೆ ತಾನು ಹರಿಯುತ್ತದೆ. ಕಾಂಕ್ರೀಟಿನ ಖಾಯಂ ಒಡ್ಡಿನಲ್ಲಿ ಹೂಳು ತುಂಬುವಂತೆ ಇಲ್ಲಿ ತುಂಬುವುದಿಲ್ಲ.

ಜಾಗ ಆರಿಸುವಾಗ ತೋಡು ಕಿರಿದಾಗಿರುವ, ದಂಡೆ ಗಟ್ಟಿಯಿರುವ, ತಳದಲ್ಲಿ ಪಾದೆ (ಬಂಡೆ) ಅಥವಾ ಗಟ್ಟಿ ಮಣ್ಣು ಸಿಗುವ ಕಡೆ ನೋಡಿ. ಬರಿ ಮರಳಿನ ತಳದ ಮೇಲೆ ಕಟ್ಟಿದರೆ ನೀರು ಅಡಿಯಿಂದ ನುಸುಳಿ ಒಂದೇ ರಾತ್ರಿಯಲ್ಲಿ ಸುರಂಗ ಮಾಡಿಕೊಳ್ಳುತ್ತದೆ. ಎತ್ತರ ಮೂರರಿಂದ ನಾಲ್ಕು ಅಡಿ ಸಾಕು. ಒಂದೇ ಎತ್ತರದ ಕಟ್ಟಕ್ಕಿಂತ ಸಾಲಾಗಿ ಮೂರು ಗಿಡ್ಡ ಕಟ್ಟಗಳೇ ಮೇಲು. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡಕ್ಕೆ ತಾಗುವಂತಿದ್ದರೆ ಎರಡೂ ಬದಿಯ ಒತ್ತಡದ ಅಂತರ ತಗ್ಗಿ ಮೇಲಿನದು ಉಳಿಯುತ್ತದೆ. ಇದಕ್ಕೆ ಮೂರು ಮನೆಯವರು ಒಟ್ಟಿಗೆ ಕೂತು ಮಾತಾಡಬೇಕು. ಕಟ್ಟದಲ್ಲಿ ಅತಿ ಕಷ್ಟದ ಭಾಗ ಅದೇ, ಮೊದಲು ಮುಗಿಸಬೇಕಾದದ್ದೂ ಅದೇ.

ಐದು ಮೀಟರ್ ಅಗಲದ ತೋಡಿಗೆ ಒಂದು ಮೀಟರ್ ಎತ್ತರದ ಕಟ್ಟ ಎಂದಿಟ್ಟುಕೊಳ್ಳಿ. ತಳ ಒಂದೂವರೆ ಮೀಟರ್, ತಲೆ ಎರಡಡಿ ಅಗಲ. 170ರಿಂದ 200 ಖಾಲಿ ಸಿಮೆಂಟ್ ಚೀಲ, ತೋಡಿನ ಅಗಲಕ್ಕಿಂತ ಎರಡು ಮೀಟರ್ ಹೆಚ್ಚು ಉದ್ದವಿರುವ ದಪ್ಪ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಕೆಳಬದಿಗೆ ಊರೆ ಕೊಡಲು ಹಳೆಯ ಅಡಿಕೆ ಮರದ ನಾಲ್ಕೈದು ತುಂಡು, ಆರು ಇಂಚಿನ ಒಂದು ಪೈಪು ಮುಚ್ಚಳದೊಂದಿಗೆ ಬೇಕು. ಐದಾರು ಜನ ಸೇರಿದರೆ ಒಂದು ದಿನದ ಕೆಲಸ.

ಮೊದಲು ತಳದ ಎಲೆ, ಕೆಸರು, ಸಡಿಲ ಮರಳನ್ನೆಲ್ಲ ಕೆರೆದು ಗಟ್ಟಿ ನೆಲ ಕಾಣಿಸಿ. ಮೇಲ್ಬದಿಯಲ್ಲಿ ಒಂದಡಿ ಆಳದ ಅಡ್ಡ ಚರಂಡಿ ತೋಡಿ. ಪೈಪನ್ನು ತಳದಲ್ಲೇ ಹಾಸಿ ನೀರು ಅದರಲ್ಲಿ ಹರಿಯಲು ಬಿಟ್ಟರೆ ಒಣ ನೆಲದಲ್ಲಿ ಕೆಲಸ ಮಾಡಬಹುದು. ಚೀಲವನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿ; ಬಿಗಿಯಾಗಿ ತುಂಬಿದ ಚೀಲ ದುಂಡಗಾಗಿ ಒಂದರ ಮೇಲೊಂದು ಕೂರುವುದಿಲ್ಲ, ಸಂದಿಯಲ್ಲಿ ನೀರು ಜಿನುಗುತ್ತದೆ. ಇಟ್ಟಿಗೆ ಕಟ್ಟುವಂತೆ ಸಂದಿ ತಪ್ಪಿಸಿ ಪೇರಿಸಿ, ಪ್ರತಿ ಸಾಲನ್ನೂ ತುಳಿದು ಕೂರಿಸಿ. ದಂಡೆಯೊಳಗೆ ಎರಡೂ ಬದಿ ಎರಡಡಿ ಕಡಿದು ಚೀಲಗಳನ್ನು ಒಳಗೆ ಸೇರಿಸಬೇಕು. ಕಟ್ಟ ಒಡೆಯುವುದು ನಡುವಿನಲ್ಲಲ್ಲ, ದಂಡೆ ಕೂಡುವ ಜಾಗದಲ್ಲಿ. ಕೊನೆಗೆ ಹಾಳೆಯನ್ನು ತಲೆಯಿಂದ ಇಳಿಸಿ, ಕೆಳಗಿನ ಅಂಚನ್ನು ಚರಂಡಿಯಲ್ಲಿ ಮಡಚಿಟ್ಟು ಜೇಡಿಮಣ್ಣು ಮತ್ತು ಚೀಲಗಳಿಂದ ಒತ್ತಿ. ಹಾಳೆ ಎಳೆದು ಬಿಗಿಯಾಗಿರಬಾರದು. ನೀರಿನ ಭಾರಕ್ಕೆ ಚೀಲದ ಸಂದಿಗೆ ಒತ್ತಿಕೊಳ್ಳುವಷ್ಟು ಸಡಿಲ ಇರಲಿ, ಇಲ್ಲದಿದ್ದರೆ ಹರಿಯುತ್ತದೆ. ನಡುವಿನ ಒಂದೂವರೆ ಮೀಟರನ್ನು ಬದಿಗಳಿಗಿಂತ ಗೇಣು ತಗ್ಗಿಸಿ. ಅಕಾಲ ಮಳೆಗೆ ನೀರು ಉಕ್ಕಿದರೂ ನಡುವಿನಿಂದಲೇ ಹೋಗಲಿ, ದಂಡೆ ಕೊರೆಯದಿರಲಿ. ನೀರು ಬೀಳುವಲ್ಲಿ ದೊಡ್ಡ ಕಲ್ಲು ಹಾಸಿ.

ಪೈಪಿನ ಮುಚ್ಚಳವನ್ನು ಪೂರ್ತಿ ಬಿಗಿಯಬೇಡಿ. ಕೆಳಗಿನ ತೋಟದವರಿಗೂ ತೋಡಿನ ಮೀನಿಗೂ ನೀರು ಬೇಕು.

ಕಟ್ಟುವ ದಿನ ಯಾವುದು? ದೀಪಾವಳಿ ಕಳೆದು ತುಳಸಿಪೂಜೆ ಎಂದು ಮುಂದೂಡುತ್ತ ಡಿಸೆಂಬರ್ ಕೊನೆಗೆ ಕಟ್ಟುವವರೇ ಹೆಚ್ಚು. ಅಷ್ಟರಲ್ಲಿ ಒಳ್ಳೆಯ ಹರಿವೆಲ್ಲ ಕಡಲಿಗೆ ಹೋಗಿರುತ್ತದೆ. ಹತ್ತು ದಿನದ ಮಳೆ ಒಟ್ಟು 20 ಮಿ.ಮೀ. ದಾಟದೆ, ತೋಡಿನ ನೀರು ಮೊಣಕಾಲಿಗಿಂತ ಕೆಳಗಿಳಿದು, ಅರಬ್ಬಿಯಲ್ಲಿ ವಾಯುಭಾರ ಕುಸಿತದ ಸೂಚನೆ ಇಲ್ಲದಿದ್ದರೆ ನವೆಂಬರಿನಲ್ಲೇ ಕಟ್ಟಿ. ಬಿಡಿಸುವುದಕ್ಕೂ ಹಾಗೆಯೇ. ಮೇ 10ರ ಸುಮಾರಿಗೆ ನಡುವಿನ ಮೇಲಿನ ಎರಡು ಸಾಲು ತೆಗೆಯಿರಿ. ಮುಂಗಾರಿನ ಸೂಚನೆ ಬಂದ ದಿನ, ಅಥವಾ ನಿಮ್ಮ ಪೈಪಿನ ಮಾಪಕದಲ್ಲಿ ಒಂದೇ ದಿನ 50 ಮಿ.ಮೀ. ಕಂಡ ದಿನ ಉಳಿದದ್ದು ಪೂರ್ತಿ. ಚೀಲಗಳನ್ನು ದಡಕ್ಕೆ ಎತ್ತಿ. ಬಿಸಿಲಿಗೆ ಪುಡಿಯಾದ ಪ್ಲಾಸ್ಟಿಕ್ ನೆರೆಯಲ್ಲಿ ಕೆಳಗಿನ ಗದ್ದೆಗೆ ಸೇರುವುದು ಸರಿಯಲ್ಲ.

ಕಿಂಡಿಗಳಿಗೆ ಹಲಗೆ ಇಳಿಸಿ ನೀರು ತಡೆಯುವ ಕಿಂಡಿ ಅಣೆಕಟ್ಟು ಇರುವಲ್ಲಿ ಹಲಗೆಗೂ ಇದೇ ಲೆಕ್ಕ. ಎರಡು ಸಾಲು ಹಲಗೆಯ ನಡುವೆ ಜೇಡಿಮಣ್ಣು ತುಂಬಿ ತುಳಿಯಬೇಕು, ಒಂದೇ ಸಾಲು ಹಾಕಿ ಸೋರಿಕೆಗೆ ಹುಲ್ಲು ತುರುಕಿದರೆ ಫೆಬ್ರವರಿಗೆ ನೀರಿಲ್ಲ. ನೆನೆದು ಉಬ್ಬಿದ ಹಲಗೆ ನೆರೆ ಬಂದ ಮೇಲೆ ಅಲುಗುವುದಿಲ್ಲ. ಸಿಕ್ಕಿಕೊಂಡ ಹಲಗೆಗೆ ಮರದ ದಿಮ್ಮಿ ಬಂದು ಬಡಿದು, ನೀರು ದಂಡೆ ಕೊರೆದು ಪಕ್ಕದ ತೋಟವನ್ನೇ ತೋಡು ಮಾಡಿಕೊಳ್ಳುತ್ತದೆ.

ಸೂರಿನ ನೀರು ಬಾವಿಗೆ

ಸಾವಿರ ಚದರಡಿ ಸೂರಿನಿಂದ ವರ್ಷಕ್ಕೆ ಸುಮಾರು ಮೂರು ಲಕ್ಷ ಲೀಟರ್ ಇಳಿಯುತ್ತದೆ. ಆದರೆ ಜುಲೈಯಲ್ಲಿ ಬಾವಿ ಹೇಗೂ ತುಂಬಿರುತ್ತದೆ, ಆಗ ಸುರಿದದ್ದು ಪಕ್ಕಕ್ಕೆ ಹರಿದು ಹೋಗುತ್ತದೆ. ಬೆಲೆಬಾಳುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕದ ಮಳೆ, ಮತ್ತೆ ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ. ಸೋಸುಡ್ರಮ್ಮನ್ನು ಆಗಸ್ಟ್ ಕೊನೆಗೆ ತೊಳೆದು ಸಜ್ಜು ಮಾಡಿ. 200 ಲೀಟರಿನ ಡ್ರಮ್ಮಿನಲ್ಲಿ ಅಡಿಗೆ 40 ಮಿ.ಮೀ. ಜಲ್ಲಿ ಒಂದಡಿ, ಮೇಲೆ 20 ಮಿ.ಮೀ. ಜಲ್ಲಿ ಅರ್ಧ ಅಡಿ, ನೈಲಾನ್ ಬಲೆ, ಅದರ ಮೇಲೆ ತೊಳೆದ ದಪ್ಪ ಮರಳು ಒಂದಡಿ. ಬಲೆ ಹಾಕದಿದ್ದರೆ ಮರಳೆಲ್ಲ ಜಲ್ಲಿಗಿಳಿದು ಬಾವಿ ಸೇರುತ್ತದೆ. ತಾಸಿಗೆ 60 ಮಿ.ಮೀ. ಸುರಿಯುವಾಗ ಸೆಕೆಂಡಿಗೆ ಒಂದೂವರೆ ಲೀಟರ್ ಬರುತ್ತದೆ, ಒಂದು ಡ್ರಮ್ಮು ಅಷ್ಟನ್ನು ಸೋಸಲಾರದು. ಹೆಚ್ಚಿದ್ದು ಹೊರಹೋಗಲು ಮೇಲ್ಗಡೆ ಪೈಪು ಇಟ್ಟು, ಅದನ್ನು ಅಡಿಪಾಯದಿಂದ ದೂರ ಒಯ್ಯಿರಿ. ಹಟ್ಟಿಯ, ಬಚ್ಚಲಿನ, ಮದ್ದು ಬಿಟ್ಟ ತೋಟದ ನೀರನ್ನು ಬಾವಿಗಾಗಲಿ ಕೊಳವೆಬಾವಿಗಾಗಲಿ ಯಾವತ್ತೂ ಬಿಡಬೇಡಿ. ಕೆಸರುನೀರು ಕೊಳವೆಬಾವಿಯ ಬಂಡೆಸೀಳುಗಳನ್ನು ಮುಚ್ಚಿದರೆ ಮತ್ತೆ ಬಿಡಿಸುವ ದಾರಿಯಿಲ್ಲ.

ಅಡಿಕೆ ತೋಟ: ಕಣಿ, ಮದ್ದು, ನೀರು

ಎರಡು ಸಾಲಿಗೊಂದು ಕಣಿ, ಎರಡರಿಂದ ಎರಡೂವರೆ ಅಡಿ ಆಳ. ಏಪ್ರಿಲ್ ಮುಗಿಯುವುದರೊಳಗೆ ಹೂಳು, ಸೋಗೆ, ಹಾಳೆ ತೆಗೆದಿರಬೇಕು. ಬೇರು ನಾಲ್ಕು ದಿನ ನೀರಲ್ಲಿ ನಿಂತರೆ ಉಸಿರಾಟವಿಲ್ಲದೆ ಕೊಳೆಯುತ್ತದೆ, ಅಂಥ ಮರ ಮುಂದಿನ ಬೇಸಿಗೆಯ ಬಿಸಿಲನ್ನು ತಾಳುವುದಿಲ್ಲ. ಮಾರ್ಚಿನಲ್ಲಿ ನಳ್ಳಿ (ಎಳೆಗಾಯಿ) ಉದುರಿದಾಗ ನೀರು ಸಾಲದು ಎಂದುಕೊಳ್ಳುತ್ತೇವೆ. ಹಲವು ತೋಟಗಳಲ್ಲಿ ಕಾರಣ ಹಿಂದಿನ ಜುಲೈಯ ಕಟ್ಟಿದ ಕಣಿ.

ಕೊಳೆರೋಗಕ್ಕೆ ಮದ್ದು 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಪ್ರಯೋಗ ಮಾಡಿದ ಕಾಲದಿಂದಲೂ ಬೋರ್ಡೊ ದ್ರಾವಣವೇ. ಶೇಕಡಾ ಒಂದರ ದ್ರಾವಣ 100 ಲೀಟರಿಗೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತನ್ನು ಗೋಣಿಯಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ 50 ಲೀಟರ್ ನೀರಿನ ಮೇಲ್ಮಟ್ಟದಲ್ಲಿ ರಾತ್ರಿಯಿಡೀ ತೂಗುಬಿಡಿ. ತಳಕ್ಕೆ ಹಾಕಿದರೆ ಬೇಗ ಕರಗುವುದಿಲ್ಲ. ಹೊಸ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ, ಸೋಸಿ, 50 ಲೀಟರ್ ಮಾಡಿ. ಆಮೇಲೆ ಸುಣ್ಣದ ನೀರಿಗೆ ತುತ್ತಿನ ನೀರನ್ನು ಕಲಕುತ್ತ ಸುರಿಯಿರಿ. ತಿರುಗಾಮುರುಗಾ ಸುರಿದರೆ ಹರಳು ದಪ್ಪಗಾಗಿ ತಳಕ್ಕೆ ಕೂತು, ಗೊನೆಗೆ ಅಂಟುವುದಿಲ್ಲ, ನಳಿಕೆಯೂ ಕಟ್ಟಿಕೊಳ್ಳುತ್ತದೆ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಹತ್ತಿದ್ದರೆ ಹುಳಿ ಇನ್ನೂ ಇದೆ, ಸುಣ್ಣದ ನೀರು ಸೇರಿಸಿ. ಗಾಳಿಗೆ ಬಿಟ್ಟು ಹಳತಾದ ಸುಣ್ಣಕ್ಕೆ ಬಲವಿಲ್ಲ, ಅದು ಎಷ್ಟು ಹಾಕಿದರೂ ಕತ್ತಿ ಕೆಂಪಾಗುತ್ತಲೇ ಇರುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಜೂನ್ ಮೊದಲ ವಾರ ಮದ್ದು ಬಿಡುವ ರೂಢಿ 2025ರಂಥ ವರ್ಷದಲ್ಲಿ ನಡೆಯದು. ಮೇ 15ರ ಹೊತ್ತಿಗೆ ತುತ್ತು, ಸುಣ್ಣ, ಮದ್ದು ಬಿಡುವ ಆಳು ಮೂರೂ ತಯಾರಿರಲಿ, ಮುಂಗಾರಿನ ಸೂಚನೆ ಬಂದ ವಾರದಲ್ಲೇ ಮೊದಲ ಸುತ್ತು ಮುಗಿಯಲಿ. ಎರಡನೆಯದು 40ರಿಂದ 45 ದಿನಕ್ಕೆ. ಮಳೆ ಸೆಪ್ಟೆಂಬರಿಗೂ ಎಳೆದರೆ ಮೂರನೆಯದೂ ಬೇಕು. ಗೊನೆಯ ಮೇಲೆ ಮದ್ದು ಒಣಗಿ ಅಂಟುವಷ್ಟು ಹೊಳವು ಇಲ್ಲದ ದಿನ ಬಿಟ್ಟದ್ದು ನೆಲದ ಪಾಲು. ಕೊಳೆತು ಬಿದ್ದ ಕಾಯಿ, ಒಣಗಿ ಮರದಲ್ಲೇ ಉಳಿದ ಗೊನೆ, ಇವನ್ನು ಹೆಕ್ಕಿ ಸುಡದಿದ್ದರೆ ರೋಗ ಅಲ್ಲಿಂದಲೇ ಮತ್ತೆ ಏಳುತ್ತದೆ.

ಇನ್ನು ನೀರು. ಎಂಟೂಮುಕ್ಕಾಲು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಹೋಸ್ ಹಿಡಿದು ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಕೊಟ್ಟರೆ ದಿನದ ಲೆಕ್ಕಕ್ಕೆ ಎಕರೆಗೆ 24,000 ಲೀಟರ್. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್, ಎಕರೆಗೆ 11,000. ಏಪ್ರಿಲಿನಲ್ಲಿ ಅರ್ಧ ಲೀಟರ್ ಹರಿಯುವ ತೋಡು ಒಂದು ಲೆಕ್ಕದಲ್ಲಿ ಎರಡು ಎಕರೆಗೂ ಸಾಲದು, ಇನ್ನೊಂದರಲ್ಲಿ ನಾಲ್ಕು ಎಕರೆಯ ಹತ್ತಿರ ಬರುತ್ತದೆ. ಮರದ ಎರಡು ಬದಿ, ಬುಡದಿಂದ ಎರಡಡಿ ದೂರ ತಾಸಿಗೆ 4 ಲೀಟರಿನ ಒಂದೊಂದು ಡ್ರಿಪ್ಪರ್, ಎರಡೂವರೆ ತಾಸು. ಇಳಿಜಾರಿನಲ್ಲಿ ಲ್ಯಾಟರಲ್ ಪೈಪನ್ನು (ಡ್ರಿಪ್ಪರ್ ಕೂರಿಸುವ ಕಿರು ಪೈಪನ್ನು) ಸಮಪಾತಳಿಯಲ್ಲೇ ಎಳೆಯಿರಿ. ಮೇಲಿಂದ ಕೆಳಕ್ಕೆ ಎಳೆದರೆ ಕೆಳಗಿನ ಮರಕ್ಕೆ ಹೊಳೆ, ಮೇಲಿನದಕ್ಕೆ ಬರ. ಮುರಕಲ್ಲಿನ ನೀರಲ್ಲಿ ಕಬ್ಬಿಣದಂಶವಿದ್ದು ಕೆಂಪು ಲೋಳೆ ಕಟ್ಟುವುದುಂಟು. ನೀರನ್ನು ಎತ್ತರದಿಂದ ಟ್ಯಾಂಕಿಗೆ ಬೀಳಿಸಿ ಒಂದು ರಾತ್ರಿ ತಂಗಲು ಬಿಟ್ಟರೆ ಲೋಳೆ ತಳಕ್ಕೆ ಕೂರುತ್ತದೆ. ಲ್ಯಾಟರಲ್ ತುದಿಯನ್ನು ವಾರಕ್ಕೊಮ್ಮೆ ಬಿಚ್ಚಿ ಹರಿಯಬಿಡಿ. ಕಾಳುಮೆಣಸು, ಕೊಕ್ಕೊ ದಟ್ಟವಿದ್ದರೆ ಮೈಕ್ರೋ ಸ್ಪ್ರಿಂಕ್ಲರ್ ಒಳ್ಳೆಯದು, ತೋಟವೂ ತಂಪಾಗುತ್ತದೆ. ನೀರು ಮಾತ್ರ ಹೆಚ್ಚು ಬೇಕು. ಯಾವುದೇ ಆದರೂ ಬುಡಕ್ಕೆ ಗೇಣುದಪ್ಪ ಸೋಗೆ, ಸಿಪ್ಪೆ ಹೊದಿಸದೆ ಕೊಟ್ಟ ನೀರು ಬಿಸಿಲಿಗೆ ಕೊಟ್ಟಂತೆ. ತೋಟದ ನೈಋತ್ಯ ಅಂಚಿನ ಎಳೆ ಮರಗಳ ಕಾಂಡಕ್ಕೆ ಸುಣ್ಣ ಬಳಿಯಿರಿ ಅಥವಾ ಸೋಗೆ ಕಟ್ಟಿ. ಸಂಜೆಯ ಬಿಸಿಲಿಗೆ ಸುಟ್ಟ ಕಾಂಡ ಆಮೇಲೆ ಸೀಳುತ್ತದೆ, ಗಾಳಿಗೆ ಮೊದಲು ಬೀಳುವುದೂ ಅದೇ.

ತಗ್ಗಿನ ಬೈಲುಗದ್ದೆಯನ್ನು ಮಣ್ಣು ತುಂಬಿ ಎತ್ತರಿಸಬೇಡಿ. ಏಣೇಲಿನಲ್ಲಿ (ಮಳೆಗಾಲದ ಭತ್ತದ ಬೆಳೆಯಲ್ಲಿ) ಗೇಣು ನೀರು ನಿಲ್ಲಿಸಿಕೊಂಡ ಗದ್ದೆಯೇ ಕೆಳಗಿನ ಬಾವಿಗಳ ಖಜಾನೆ. ನೆರೆ ಬರುವ ಬೈಲಿಗೆ ಬ್ರಹ್ಮಾವರದ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿಯಂಥ ಮುಳುಗಡೆ ತಾಳುವ ಕೆಂಪಕ್ಕಿ ತಳಿ ಕೇಳಿ. ಅದಕ್ಕಿಂತ ಮೇಲಿನ ಮಜಲುಗದ್ದೆಯಲ್ಲಿ ಸುಗ್ಗಿ (ಎರಡನೇ ಭತ್ತದ) ಬೆಳೆಗೆ ನೀರು ಸಾಲದೆಂದು ಅಳತೆ ಹೇಳಿದರೆ ಉದ್ದು, ಹೆಸರು ಬಿತ್ತಿ ಮಣ್ಣಿನ ತೇವದಲ್ಲೇ ತೆಗೆಯಬಹುದು.

ಮಳೆಗಾಲಕ್ಕೆ ತೋಡಿನ ಕರೆಂಟು, ಬೇಸಿಗೆಗೆ ಬಿಸಿಲಿನದು

ಮರ ಬಿದ್ದು ತಂತಿ ತುಂಡಾದರೆ ಕಾಡಿನಂಚಿನ ಮನೆಗೆ ಕರೆಂಟು ಬರಲು ದಿನಗಟ್ಟಲೆ ಬೇಕು. ಆಗ ಸೋಲಾರ್ ಕೂಡ ಮಂಕು. ಅದೇ ಹೊತ್ತಿಗೆ ಮನೆಯ ಹಿಂದಿನ ತೋಡು ಭೋರ್ಗರೆಯುತ್ತಿರುತ್ತದೆ. ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸಿದರೆ ವರ್ಷವಿಡೀ ನಡೆಯುತ್ತದೆ.

ಕಿರು ಜಲವಿದ್ಯುತ್ತಿನ ಲೆಕ್ಕ ಸರಳ: ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರ, ಎರಡನ್ನೂ ಗುಣಿಸಿ ಐದರಿಂದ ಗುಣಿಸಿದರೆ ಸಿಗುವ ವಾಟ್. 4 ಲೀಟರ್, 25 ಮೀಟರ್ ಎಂದರೆ 500 ವಾಟ್. ಹಗಲೂ ರಾತ್ರಿಯೂ ಓಡುವುದರಿಂದ ದಿನಕ್ಕೆ 12 ಯೂನಿಟ್. ಒಂದು ಕಿಲೋವಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು ನಾಲ್ಕೈದು. ಎತ್ತರವನ್ನು ಪಾರದರ್ಶಕ ನಳಿಗೆಯಲ್ಲಿ ನೀರು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಅಳೆದು ಕೂಡಿಸಿ. ಮೊಬೈಲಿನ ಎತ್ತರವನ್ನು ನಂಬಬೇಡಿ, ಹತ್ತಾರು ಮೀಟರ್ ತಪ್ಪುತ್ತದೆ.

ಪೈಪಿನಲ್ಲಿ ಉಳಿತಾಯ ಮಾಡಲು ಹೋಗಿ ಸೋಲುವವರು ಬಹಳ. 150 ಮೀಟರ್ ದೂರಕ್ಕೆ 63 ಮಿ.ಮೀ. ಪೈಪು ಹಾಕಿದರೆ 4 ಲೀಟರ್ ಹರಿವಿಗೆ ಘರ್ಷಣೆಯಲ್ಲೇ ಸುಮಾರು 5 ಮೀಟರ್ ಎತ್ತರ ನಷ್ಟ, ಅಂದರೆ ಐದರಲ್ಲೊಂದು ಪಾಲು. 110 ಮಿ.ಮೀ. ಹಾಕಿದರೆ ನಷ್ಟ ಅರ್ಧ ಮೀಟರಿಗೂ ಕಡಿಮೆ. ಕವಾಟವನ್ನು ಫಕ್ಕನೆ ಮುಚ್ಚಿದರೆ ನೀರಿನ ಬಡಿತಕ್ಕೆ ಪೈಪು ಸೀಳುತ್ತದೆ; 6 ಕಿಲೋ ಒತ್ತಡ ತಾಳುವ ಪೈಪು, ನಿಧಾನ ತಿರುಗುವ ಗೇಟ್ ವಾಲ್ವ್ ಇರಲಿ. ಪೈಪಿನ ಬಾಯನ್ನು ತೋಡಿನ ನಡುವೆ ಇಡದೆ ಬದಿಯ 500 ಲೀಟರ್ ತೊಟ್ಟಿಯಲ್ಲಿಡಿ. ಮರಳು ತೊಟ್ಟಿಯಲ್ಲೇ ಕೂರಲಿ. ಬಾಯಿಗೆ ಜಾಳಿಗೆ ಕಟ್ಟಿ, ದಿನಕ್ಕೊಮ್ಮೆ ಎಲೆ ತೆಗೆಯಿರಿ. ತೋಡು ಅರಣ್ಯದೊಳಗಿದ್ದರೆ ಮೊದಲು ಇಲಾಖೆಯ ಒಪ್ಪಿಗೆ ಬೇಕು.

ಪೈಪಿನ ಕೆಳತುದಿಯ ನಳಿಕೆಯಿಂದ ಚಿಮ್ಮುವ ನೀರೇ ಕರೆಂಟು ಹುಟ್ಟಿಸುವ ಚಕ್ರವನ್ನು ತಿರುಗಿಸುವುದು, ಆದ್ದರಿಂದ ನಳಿಕೆಗಳ ವಿಷಯದಲ್ಲಿ ಎಚ್ಚರ ಬೇಕು. ಈ ಎತ್ತರಕ್ಕೆ 4 ಲೀಟರ್ ಹಾಯಲು ಸುಮಾರು 16 ಮಿ.ಮೀ. ತೂತಿನ ನಳಿಕೆ ಸರಿ. ನವೆಂಬರಿನಲ್ಲಿ ಹರಿವು ಒಂದು ಲೀಟರಿಗೆ ಇಳಿದಾಗ ಅದೇ ನಳಿಕೆ ಉಳಿಸಿಕೊಂಡರೆ ಪೈಪು ಖಾಲಿಯಾಗಿ ಗಾಳಿ ಎಳೆಯುತ್ತದೆ, ಚಕ್ರ ತೊದಲುತ್ತದೆ. ಆಗ 8 ಮಿ.ಮೀ. ನಳಿಕೆಗೆ ಬದಲಿಸಿ. 16, 12, 8 ಹೀಗೆ ಮೂರು ನಳಿಕೆಗಳನ್ನು ಗುರುತು ಹಾಕಿ ಚಕ್ರದ ಬಳಿಯೇ ತೂಗುಹಾಕಿಡಿ. ತೊಟ್ಟಿ ಯಾವಾಗಲೂ ಸ್ವಲ್ಪ ಉಕ್ಕುತ್ತಿದ್ದರೆ ನಳಿಕೆಯ ಗಾತ್ರ ಸರಿಯಿದೆ ಎಂದರ್ಥ.

ಮನೆಯ ದೀಪ ಆರಿಸಿದಾಗ ಭಾರ ತಪ್ಪಿದ ಚಕ್ರ ಹುಚ್ಚೆದ್ದು ತಿರುಗಿ ಬೇರಿಂಗ್ ಮುರಿಯುತ್ತದೆ, ವೋಲ್ಟೇಜ್ ಏರಿ ಬಲ್ಬು ಸುಡುತ್ತದೆ. ಲೋಡ್ ಕಂಟ್ರೋಲರ್ ಇಟ್ಟು ಹೆಚ್ಚುವರಿ ಕರೆಂಟನ್ನು ನೀರು ಕಾಯಿಸುವ ಕಾಯಿಲಿಗೆ ತಿರುಗಿಸಿ. ಬಚ್ಚಲಿಗೆ ಬಿಸಿನೀರು, ಸೌದೆಯೂ ಉಳಿಯಿತು. ಅಕ್ಟೋಬರ್ ಮತ್ತು ಏಪ್ರಿಲಿನ ಸಿಡಿಲಿಗೆ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಒಂದು ದಿನವೂ ಓಡಿಸಬೇಡಿ.

ಸೋಲಾರ್ ಹಲಗೆಗಳನ್ನು ತೆಂಕಣಕ್ಕೆ ಮುಖಮಾಡಿ 13 ಡಿಗ್ರಿ ಓರೆಯಲ್ಲಿ, ಸೂರಿನ ಮೇಲೆಯೇ ಹಾಕಿ. ತೋಟದ ನಡುವೆ ಹಾಕಿದರೆ ಒಂದು ಅಡಿಕೆ ಮರದ ನೆರಳು ಅಡ್ಡ ಬಂದರೂ ಇಡೀ ಸಾಲಿನ ಉತ್ಪತ್ತಿ ಕುಸಿಯುತ್ತದೆ. ಹಗಲು ಪಂಪು ಓಡಿಸಿ ಎತ್ತರದ ಟ್ಯಾಂಕಿಗೆ ತುಂಬಿ, ಸಂಜೆ ಇಳಿಜಾರಿನಲ್ಲಿ ತೋಟಕ್ಕೆ ಬಿಡಿ. 5,000 ಲೀಟರಿನ ಟ್ಯಾಂಕು ತುಂಬಿದರೆ ಐದು ಟನ್. ಅದಕ್ಕೆ ಜಾಗ ಮಾಡಲು ಬರೆ ಕಡಿಯಬೇಡಿ, ಗಟ್ಟಿ ಪಾದೆಯಿರುವಲ್ಲಿ ಇಡಿ.

ಜನವರಿಯಲ್ಲಿ 8 ಮಿ.ಮೀ. ನಳಿಕೆಗೂ ಪೈಪು ತುಂಬದಾದಾಗ ಚಕ್ರವನ್ನು ನಿಲ್ಲಿಸಿ. ಪೈಪಿನ ಕೆಳತುದಿ ಬಿಚ್ಚಿ ನೀರು, ಹೂಳು ಎರಡನ್ನೂ ಹೊರಬಿಡಿ. ಬಾಯಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ. ಬಿಸಿಲು ಬೀಳುವ ಕಡೆ ಪೈಪಿನ ಮೇಲೆ ಮಣ್ಣು ಮುಚ್ಚಿ, ಬೇರಿಂಗಿಗೆ ಗ್ರೀಸ್ ತುಂಬಿ ಚಕ್ರವನ್ನು ಹಾಳೆಯಲ್ಲಿ ಸುತ್ತಿಡಿ. ತೊಟ್ಟಿಗೆ ಬರುತ್ತಿದ್ದ ನೀರನ್ನು ಮತ್ತೆ ತೋಡಿಗೇ ತಿರುಗಿಸಿ; ಕೆಳಗಿನ ಕಟ್ಟಕ್ಕೆ ಆ ನೀರು ಬೇಕು.